ನಿಮ್ಮಲ್ಲಿ ಎಷ್ಟು ಸೆಂಟು?

ಬಾನುಲಿಯ ಹವಾಮಾನ ವರ್ತಮಾನದಲ್ಲಿ ಒಂದು ಮಾತನ್ನು ನೀವೆಲ್ಲ ಕೇಳಿಯೇ ಇರುತ್ತೀರಿ: ‘ಇಂದು ಬೆಳಿಗ್ಗೆ ಎಂಟೂವರೆಗೆ ಕೊನೆಗೊಂಡ ಇಪ್ಪತ್ನಾಲ್ಕು ಗಂಟೆಗಳಲ್ಲಿ’ ಇಂಥ ಊರಿನಲ್ಲಿ ಇಷ್ಟು ಮಳೆ ಬಿತ್ತು ಎಂದು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನಗೆ ಅದೊಂದು ಒಗಟಾಗಿತ್ತು. ಎಂಟು ಯಾಕಲ್ಲ? ಒಂಬತ್ತು ಯಾಕಲ್ಲ? ಒಂದು ದಿನ ನಮ್ಮ ಮಾವನವರನ್ನೇ ಕೇಳಿದೆ. ಅವರು ಗೋಡೆ ಗಡಿಯಾರ ತೋರಿಸಿ, “ನಮಗೆ ಎಂಟೂವರೆ ಆದಾಗ ಗ್ರೀನಿಚ್‌ನಲ್ಲಿ ಬೆಳಗಿನ ಜಾವ ಮೂರು ಗಂಟೆ ಕಣಮ್ಮ. ಹವಾಮಾನದವರ ಲೆಕ್ಕವೆಲ್ಲ ಆ ಗಡಿಯಾರಕ್ಕೆ ನಡೆಯುತ್ತೆ. ಎಲ್ಲರೂ ಒಂದೇ ಹೊತ್ತಿಗೆ ಅಳೆದರೆ ತಾನೇ ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ಕೂಡೋದು?” ಎಂದರು. ಅವರು ತೀರಿಕೊಂಡ ಮೇಲೆ ಆ ಎಂಟೂವರೆಯ ಕೆಲಸ ಪೂರ್ತಿಯಾಗಿ ನನ್ನ ಪಾಲಿಗೆ ಬಂತು. ಶಾಲೆಯ ನೌಕರಿಯಲ್ಲಿದ್ದಾಗ ಅವಸರದಲ್ಲಿ ಮಾಡುತ್ತಿದ್ದೆ. ನಿವೃತ್ತಿಯಾದ ಮೇಲೆ ಸಮಾಧಾನವಾಗಿ ಮಾಡುತ್ತಿದ್ದೇನೆ.

ನಮ್ಮದು ಸಕಲೇಶಪುರ ತಾಲ್ಲೂಕು. ಪೇಟೆಯಿಂದ ಪಡುವಣಕ್ಕೆ, ಘಟ್ಟದ ಅಂಚು ಹತ್ತಿರವಾಗುವ ಕಡೆ ಒಂದು ಸಣ್ಣ ಕಾಫಿ ತೋಟ. ಮನೆಯ ಮುಂದಿನ ಬಯಲಿನಲ್ಲಿ, ಯಾವ ಮರದ ನೆರಳೂ ಹನಿಯೂ ತಾಗದ ಜಾಗದಲ್ಲಿ, ಮಾವನವರು ನೆಟ್ಟ ಮಳೆಮಾಪಕ ಇದೆ. ಐದಿಂಚು ಬಾಯಿಯ ತಾಮ್ರದ ಆಲಿಕೆ, ಅದರ ಕೆಳಗೆ ನೀರು ಹಿಡಿಯುವ ಸೀಸೆ, ಸೀಸೆಯ ಸುತ್ತ ಒಂದು ತಾಮ್ರದ ಡಬ್ಬಿ. ಸೀಸೆ ತುಂಬಿದರೆ ಮಿಕ್ಕ ನೀರು ಡಬ್ಬಿಗೆ ಇಳಿಯುತ್ತದೆ. ಜೊತೆಗೆ ಗೆರೆ ಕೊರೆದ ಕಿರಿದಾದ ಒಂದು ಗಾಜಿನ ಅಳತೆ. ಇಷ್ಟೇ. ಅಗಲವಾದ ಬಾಯಿಗೆ ಬಿದ್ದ ನೀರನ್ನು ಕಿರಿದಾದ ಗಾಜಿಗೆ ಸುರಿದಾಗ ಅದು ಎತ್ತರಕ್ಕೆ ಏರುತ್ತದೆ. ಹಾಗಾಗಿ ಇಂಚಿನ ನೂರರಲ್ಲಿ ಒಂದು ಭಾಗವನ್ನೂ ಕಣ್ಣಿನಿಂದ ಓದಬಹುದು. ಆ ನೂರರಲ್ಲೊಂದು ಭಾಗಕ್ಕೆ ನಾವು ಕಾಫಿ ಸೀಮೆಯವರು ಸೆಂಟು ಅನ್ನುತ್ತೇವೆ. ಮಿಲಿಮೀಟರು ಬಂದು ಎಷ್ಟೋ ಕಾಲವಾದರೂ ಸೆಂಟು ನಮ್ಮ ಬಾಯಿ ಬಿಟ್ಟು ಹೋಗಿಲ್ಲ. ನಾಲ್ಕು ಸೆಂಟು ಅಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರು.

ಒಂದಿಂಚು ಮಳೆ ಅಂದರೆ ಎಷ್ಟು ನೀರು ಎಂದು ಮಕ್ಕಳಿಗೆ ಲೆಕ್ಕ ಹಾಕಿಸುತ್ತಿದ್ದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರು ನಿಂತರೆ ಒಂದು ಲೀಟರ್. ಅದೇ ಲೆಕ್ಕದಲ್ಲಿ ಒಂದು ಎಕರೆಗೆ ಒಂದಿಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಮಿಗಿಲು. ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುವವರಿಗೆ ಆ ಲಕ್ಷ ಲೀಟರಿನ ಬೆಲೆ ಗೊತ್ತು. ಆಕಾಶ ಅದನ್ನು ಅರ್ಧ ಗಂಟೆಯಲ್ಲಿ ಕೊಟ್ಟುಬಿಡುತ್ತದೆ. ಕೊಡದೆಯೂ ಇರುತ್ತದೆ.

ಮಳೆ ಬಂದ ಮರುದಿನ ನಮ್ಮ ಕಡೆ ಫೋನಿನಲ್ಲಿ ಮೊದಲ ಮಾತೇ ಅದು: “ಅಕ್ಕಾ, ನಿಮ್ಮಲ್ಲಿ ಎಷ್ಟು ಸೆಂಟು?” ಕ್ಷೇಮ ಸಮಾಚಾರ ಆಮೇಲೆ. ಎರಡು ಮೈಲಿ ಆಚೆಯ ತೋಟದವರು ನಲವತ್ತು ಎನ್ನುತ್ತಾರೆ, ನಮ್ಮಲ್ಲಿ ಎಂಟೇ ಸೆಂಟು ಬಿದ್ದಿರುತ್ತದೆ. ಬೇಸಿಗೆಯ ಗುಡುಗು ಮಳೆ ಹಾಗೇ, ಒಂದು ಗುಡ್ಡಕ್ಕೆ ಹೊಯ್ದು ಇನ್ನೊಂದನ್ನು ಒಣಗಿಸಿ ಹೋಗುತ್ತದೆ. ಮುಂಗಾರಿನ ರೀತಿ ಬೇರೆ. ಅರಬ್ಬೀ ಸಮುದ್ರದಿಂದ ಬಂದ ಹಸಿಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದ ಹಾಗೆ ತಣಿದು ನೀರಿಳಿಸುತ್ತದೆ, ಘಟ್ಟ ದಾಟಿದ ಮೇಲೆ ಅದರ ಕೈ ಬರಿದಾಗುತ್ತ ಬರುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಆ ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಮಳೆಯ ಅಳತೆ ಬೇಕಾಗಿಲ್ಲ. ಕಾಫಿ ಮುಗಿದು ಮುಸುಕಿನ ಜೋಳ, ಆಲೂಗೆಡ್ಡೆಯ ಹೊಲಗಳು ಬರುತ್ತವೆ, ಹಾಸನ ದಾಟಿ ಅರಸೀಕೆರೆ ಮುಟ್ಟುವ ಹೊತ್ತಿಗೆ ರಾಗಿಯೂ ತೆಂಗೂ. ಇಷ್ಟೂ ಒಂದೇ ಜಿಲ್ಲೆ. ‘ಹಾಸನ ಜಿಲ್ಲೆಯಲ್ಲಿ ವಾಡಿಕೆ ಮಳೆ’ ಎಂಬ ಸುದ್ದಿ ಕೇಳಿದಾಗ ಯಾರ ಅಂಗಳದ ವಾಡಿಕೆ ಎಂದು ನನ್ನ ಮನಸ್ಸು ಕೇಳುತ್ತದೆ.

ಇವತ್ತು ನಿಮಗೆ ಹೇಳಬೇಕೆಂದಿರುವುದು 2024ನೇ ಇಸವಿಯ ಮಳೆ ಲೆಕ್ಕದ ಪುಸ್ತಕದ ಕಥೆ. ಇಷ್ಟು ವರ್ಷದ ಪುಸ್ತಕಗಳಲ್ಲಿ ನನಗೆ ಹೆಚ್ಚು ಪಾಠ ಹೇಳಿದ್ದು ಅದು.

ಅದರ ಹಿಂದಿನ ವರ್ಷವನ್ನು ಯಾರೂ ಮರೆತಿರಲಾರರು. 2023ರ ಆಗಸ್ಟ್ ತಿಂಗಳು, ದೇಶದ ಲೆಕ್ಕದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್. ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಕೆರೆಯ ತಳದಲ್ಲಿ ನೀರು, ಬಾವಿಯಲ್ಲಿ ಹಗ್ಗಕ್ಕೆ ಹಗ್ಗ ಕಟ್ಟಿ ಇಳಿಸುವ ಪರಿಸ್ಥಿತಿ. ಹಾಗೆ ಹೊಸ ವರ್ಷ ಹುಟ್ಟಿತು. ಜನವರಿಯ ಮೊದಲ ವಾರದಲ್ಲೇ ಮಳೆ ಬಂತು!

ಬರದಲ್ಲಿ ಬೆಂದವರಿಗೆ ಜನವರಿಯ ಮಳೆ ಸಂತೋಷ ತರಬೇಕಲ್ಲವೇ? ಕಾಫಿ ಬೆಳೆದವರನ್ನು ಕೇಳಿ. ಆಗ ಕೊಯ್ಲು ನಡೆಯುತ್ತಿರುತ್ತದೆ. ರೊಬಸ್ಟಾ ಹಣ್ಣು ಗಿಡದ ಮೇಲಿದೆ, ಕೊಯ್ದದ್ದು ಕಣದಲ್ಲಿ ಒಣಗುತ್ತಿದೆ. ರಾತ್ರಿ ಹತ್ತು ಗಂಟೆಗೆ ಹನಿ ಶುರುವಾದಾಗ ಕೆಲಸದವರಿರುವ ನಮ್ಮ ಲೈನಿನ ಮನೆಗಳಿಂದ ಎಲ್ಲರೂ ಓಡಿ ಬಂದರು. ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರಿ ಮುಗಿಸುವಷ್ಟರಲ್ಲಿ ಕಾಲು ಭಾಗ ನೆನೆದಿತ್ತು. ಬೆಳಿಗ್ಗೆ ಗಾಜಿನಲ್ಲಿ ನೋಡಿದರೆ ಎಪ್ಪತ್ತು ಸೆಂಟು. ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಕಣದ ಕಡೆ ನೋಡುತ್ತಾ, “ಅಮ್ಮಾ, ಇದೇ ಎಪ್ಪತ್ತು ಸೆಂಟು ಮಾರ್ಚಲ್ಲಿ ಬಂದಿದ್ರೆ ದೇವರಿಗೆ ಕಾಯಿ ಒಡೀತಿದ್ವಿ” ಎಂದರು. ವಾರ ಹತ್ತು ದಿನದಲ್ಲಿ ಅಲ್ಲಲ್ಲಿ ಗಿಡ ಹೂ ಬಿಟ್ಟವು. ಒಂದೇ ರೆಂಬೆಯಲ್ಲಿ ಕೆಂಪು ಹಣ್ಣು, ಪಕ್ಕದ ಗೆಣ್ಣಿನಲ್ಲಿ ಬಿಳಿ ಹೂ. ಹಣ್ಣು ಕೀಳಲು ಕೈ ಹಾಕಿದರೆ ಮುಂದಿನ ವರ್ಷದ ಫಸಲು ಉದುರುತ್ತದೆ, ಬಿಟ್ಟರೆ ಈ ವರ್ಷದ್ದು ನೆಲದ ಪಾಲು.

ಅದಾದ ಮೇಲೆ ಪುಸ್ತಕದಲ್ಲಿ ಸೊನ್ನೆಗಳ ಸಾಲು. ಫೆಬ್ರವರಿ ಪೂರ್ತಿ ಸೊನ್ನೆ, ಮಾರ್ಚಿ ಪೂರ್ತಿ ಸೊನ್ನೆ.

ಸೊನ್ನೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮಳೆ ಬರದ ದಿನ ಪುಸ್ತಕದ ಮನೆಯನ್ನು ನಾನು ಮೊದಮೊದಲು ಖಾಲಿ ಬಿಡುತ್ತಿದ್ದೆ. ಮಾವನವರು ಅದನ್ನು ನೋಡಿ, “ಖಾಲಿ ಬಿಡಬೇಡಮ್ಮ, ಸೊನ್ನೆ ಹಾಕು. ಖಾಲಿ ಅಂದರೆ ನೀನು ಆ ದಿನ ನೋಡಲಿಲ್ಲ ಅಂತ. ಸೊನ್ನೆ ಅಂದರೆ ಹೋಗಿ ನೋಡಿದೆ, ಮಳೆ ಇರಲಿಲ್ಲ ಅಂತ” ಎಂದಿದ್ದರು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಸೊನ್ನೆಯ ಅರ್ಥವನ್ನು ಇಷ್ಟು ಚೆನ್ನಾಗಿ ಇನ್ನಾರೂ ಹೇಳಿಕೊಟ್ಟಿರಲಿಲ್ಲ. ಆ ವರ್ಷ ಎರಡು ತಿಂಗಳು ದಿನವೂ ಅಂಗಳಕ್ಕೆ ಹೋಗಿ, ಒಣ ಸೀಸೆ ಎತ್ತಿ ನೋಡಿ, ಸೊನ್ನೆ ಬರೆದು ಬಂದೆ.

ಆ ಎರಡು ತಿಂಗಳು ನಾವು ಕಾಯುತ್ತಿದ್ದ ಹೂ ಮಳೆ ಎಂದರೆ ಏನೆಂದು ಬಯಲುಸೀಮೆಯ ಕೇಳುಗರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಫಿ ಗಿಡ ಚಳಿಗಾಲದಲ್ಲೇ ಮೊಗ್ಗು ಕಟ್ಟಿ ಸುಮ್ಮನಿರುತ್ತದೆ. ಒಣ ಹವೆಯಲ್ಲಿ ಆ ಮೊಗ್ಗು ನಿದ್ದೆ ಹೋಗಿರುತ್ತದೆ. ಫೆಬ್ರವರಿ, ಮಾರ್ಚಿ, ಹೆಚ್ಚೆಂದರೆ ಏಪ್ರಿಲ್ ಆರಂಭದಲ್ಲಿ ಒಂದಿಂಚಿನ ಆಸುಪಾಸು ಮಳೆ ಒಂದೇ ಸಲ ಬಿದ್ದರೆ ಮೊಗ್ಗು ಎಚ್ಚರಗೊಂಡು, ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹಾಗೆ ವಾಸನೆ, ಜೇನಿನ ಗುಂಯ್ ಸದ್ದು. ಎರಡು ಮೂರು ದಿನ ಆ ಸೊಬಗು. ಆ ದಿನಗಳಲ್ಲಿ ಮತ್ತೆ ಮಳೆ ಬರಬಾರದು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಮಳೆ ಬಂದರೆ ಪರಾಗ ತೊಳೆದು ಹೋಗುತ್ತದೆ. ಹೂ ಬಾಡಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು. ಅದಕ್ಕೆ ಬ್ಯಾಕಿಂಗ್ ಮಳೆ ಅನ್ನುತ್ತೇವೆ. ಅದು ಬಂದರೆ ಕಾಯಿ ನಿಲ್ಲುತ್ತದೆ. ಇಡೀ ವರ್ಷದ ಫಸಲು ಹೀಗೆ ಎರಡು ದಿನದ ಮಳೆಯ ಮೇಲೆ ನಿಂತಿದೆ. ಬಾಕಿ ದಿನಗಳದ್ದು ಗಿಡ ಬದುಕಿಸುವ ಮಳೆ.

ಆ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಹನಿಯೂ ಲೆಕ್ಕಕ್ಕೆ ಸಿಗಲಿಲ್ಲ. ನಮ್ಮಲ್ಲಿ ಸಿಕ್ಕಿತು, ಇಪ್ಪತ್ತು ಸೆಂಟು. ನಮಗೆ ಅದು ಸೊನ್ನೆಗಿಂತ ಕೆಟ್ಟದ್ದು. ಇಪ್ಪತ್ತು ಸೆಂಟು ಮೊಗ್ಗನ್ನು ಎಬ್ಬಿಸುತ್ತದೆ, ಅರಳಿಸಲು ಸಾಲದು. ಎಚ್ಚರವಾದ ಮೊಗ್ಗು ಬಿಸಿಲಿಗೆ ಕರಟುತ್ತದೆ. ಕೆರೆಯಲ್ಲಿ ನೀರಿದ್ದವರು ಅದೇ ಸಂಜೆ ಪೈಪು ಎಳೆದು ಸ್ಪ್ರಿಂಕ್ಲರ್ ಹಾರಿಸಿದರು. ನಮ್ಮ ಕೆರೆ ಹಿಂದಿನ ವರ್ಷದ ಬರದಿಂದ ಎದ್ದಿರಲಿಲ್ಲ. ನಾಲ್ಕು ದಿನ ಮೋಡ ನೋಡಿದೆವು. ಮಧ್ಯಾಹ್ನ ಮೂರಕ್ಕೆ ಕಪ್ಪಾಗುತ್ತಿತ್ತು, ಗುಡುಗುತ್ತಿತ್ತು, ಗಾಳಿ ಬೀಸಿ ಸಿಲ್ವರ್ ಓಕಿನ ಎಲೆ ಉದುರಿಸಿ ಬಾನು ಮತ್ತೆ ತಿಳಿಯಾಗುತ್ತಿತ್ತು. ಆ ನಾಲ್ಕು ದಿನದ ಎದುರಿಗೆ ನಾನು ಬರೆದದ್ದು: 0, 0, 0, 0. ಮೇ ತಿಂಗಳಲ್ಲಿ ಧಾರಾಳವಾಗಿ ಬಂತು. ತೋಟ ಹಸಿರಾಯಿತು, ಕರಟಿದ ಮೊಗ್ಗು ಮಾತ್ರ ಕರಟಿಯೇ ಹೋಯಿತು.

ಮುಂಗಾರು ಆ ವರ್ಷ ಮೇ 30ಕ್ಕೇ ಕೇರಳ ಮುಟ್ಟಿತು. ವಾಡಿಕೆ ಜೂನ್ 1. ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಸುರಿದು, 1891ರಿಂದ ಉಳಿದು ಬಂದಿದ್ದ ಜೂನ್ ದಾಖಲೆ ಅಳಿಸಿಹೋಯಿತು. ನಮ್ಮಲ್ಲಿ ಜೂನ್ ಸಾಧುವಾಗಿತ್ತು. ಮೃಗಶಿರ ಹನಿಸಿ ಹೋಯಿತು, ಆರಿದ್ರೆ ಹುಟ್ಟಿದ ಮೇಲೆ ಜಡಿ ಹಿಡಿಯಿತು.

ನನ್ನ ಪುಸ್ತಕದಲ್ಲಿ ತಾರೀಕಿನ ಪಕ್ಕ ಮಳೆ ನಕ್ಷತ್ರದ ಹೆಸರೂ ಇರುತ್ತದೆ. ಓದಿದವರು ಕೆಲವರು ಇದೆಲ್ಲ ಹಳೆಯ ನಂಬಿಕೆ ಎಂದು ಬದಿಗೆ ಸರಿಸುತ್ತಾರೆ. ಅವರ ಜೊತೆ ನನಗೆ ಒಪ್ಪಿಗೆ ಇಲ್ಲ. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅದರಿಂದ ಭರಣಿ, ರೋಹಿಣಿ, ಆರಿದ್ರೆ ಎಂಬುವು ವರ್ಷದ ಎರಡೆರಡು ವಾರದ ತುಂಡುಗಳ ಹೆಸರು. ಬಿತ್ತನೆಯ ದಿನಕ್ಕೆ ಇದಕ್ಕಿಂತ ಅನುಕೂಲವಾದ ಪಂಚಾಂಗ ಇನ್ನೊಂದಿಲ್ಲ. ಗಾದೆಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ನಕ್ಷತ್ರದ ಲೆಕ್ಕ ಋತುವಿನ ಲೆಕ್ಕಕ್ಕಿಂತ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಏಳುನೂರು ವರ್ಷದ ಹಿಂದೆ ಯಾರೋ ರೈತ ಆರಿದ್ರೆಯ ಬಗ್ಗೆ ಗಾದೆ ಕಟ್ಟಿದ್ದರೆ, ಆ ಆರಿದ್ರೆ ಋತುವಿನಲ್ಲಿ ಇಂದಿಗಿಂತ ಹತ್ತು ದಿನ ಮೊದಲೇ ಹುಟ್ಟುತ್ತಿತ್ತು. ಗಾದೆ ಸುಳ್ಳಾಯಿತು ಎನ್ನುವ ಮೊದಲು ಈ ಹತ್ತು ದಿನವನ್ನೂ ನೆನೆಯಬೇಕು.

ಇನ್ನು ಜುಲೈ. ಪುನರ್ವಸು ಮಳೆಯ ಕೊನೆಯ ದಿನಗಳಿಂದ ಪುಷ್ಯ ಮುಗಿಯುವವರೆಗೆ ನಮ್ಮ ಮನೆಯ ಹೆಂಚು ಒಣಗಲಿಲ್ಲ. ಹವಾಮಾನ ಇಲಾಖೆಯವರು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ ಎನ್ನುತ್ತಾರೆ. ನನ್ನ ಪುಸ್ತಕದ ಆ ಪುಟದಲ್ಲಿ ಎರಡನ್ನೂ ಮತ್ತೆ ಮತ್ತೆ ಬರೆಯಬೇಕಾಯಿತು. ಇಂಥ ದಿನಗಳಲ್ಲಿ ರಾತ್ರಿ ಮಲಗುವ ಮುನ್ನ ಒಮ್ಮೆ ಅಳೆದು ಸೀಸೆ ಬರಿದು ಮಾಡಬೇಕು, ಬೆಳಗಿನ ಲೆಕ್ಕಕ್ಕೆ ಅದನ್ನು ಕೂಡಿಸಬೇಕು. ಒಂದು ರಾತ್ರಿ ಅದು ಆಗಲಿಲ್ಲ. ಕರೆಂಟು ಹೋಗಿ ಮೂರು ದಿನವಾಗಿತ್ತು, ಅಂಗಳಕ್ಕೆ ಅಡ್ಡವಾಗಿ ಮರ ಉರುಳಿತ್ತು, ಹಳ್ಳದ ಸದ್ದು ಬಾಗಿಲಲ್ಲೇ ಕೇಳುತ್ತಿತ್ತು. ಹೊರಗೆ ಇಳಿಯಲು ಮನೆಯವರು ಬಿಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಸೀಸೆ ತುಂಬಿ, ಡಬ್ಬಿಯೂ ತುಂಬಿ, ಅಂಚಿನಿಂದ ನೀರು ಇಳಿಯುತ್ತಿತ್ತು. ಡಬ್ಬಿಯಲ್ಲಿದ್ದದ್ದನ್ನು ಅಳೆದಾಗ ಏಳಿಂಚು. ಚೆಲ್ಲಿದ್ದು ಎಷ್ಟು? ಅಂದಾಜಿಗೆ ಒಂದು ಅಂಕಿ ಬರೆಯಬಹುದಿತ್ತು. ಪಕ್ಕದ ತೋಟದವರ ಅಂಕಿಯನ್ನೂ ಹಾಕಬಹುದಿತ್ತು. ನಾನು ಬರೆದದ್ದು ಇಷ್ಟು: ‘ಏಳಿಂಚಿಗೆ ಮೇಲೆ. ತುಂಬಿ ಚೆಲ್ಲಿದೆ.’ ಆ ಒಂದು ದಿನದ ನೆನಪು ನನ್ನನ್ನು ಈಗಲೂ ಕೊರೆಯುತ್ತದೆ. ಇಡೀ ವರ್ಷದ ದೊಡ್ಡ ಮಳೆಯೇ ನನ್ನ ಲೆಕ್ಕಕ್ಕೆ ಸರಿಯಾಗಿ ಸಿಗಲಿಲ್ಲ.

ಜುಲೈ 26ರಂದು ನಮ್ಮ ಘಟ್ಟದ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜಾರಿತು. ಮಂಗಳೂರಿನ ರೈಲುಗಳು ಹತ್ತು ದಿನಕ್ಕೂ ಮೀರಿ ನಿಂತವು. ಶಿರಾಡಿ ರಸ್ತೆಯಲ್ಲಿ ದೊಡ್ಡತಪ್ಪಲೆಯ ಹತ್ತಿರ ಗುಡ್ಡ ಇಳಿದು ಹೆದ್ದಾರಿ ಮುಚ್ಚಿತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣಿನಡಿ ಹೋದ ಸುದ್ದಿ ಕೇಳಿದಾಗ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಆ ದಿನಗಳಿಂದ ನಾನು ಪುಸ್ತಕದ ಅಂಚಿನಲ್ಲಿ ಒಂದು ಹೊಸ ಲೆಕ್ಕ ಬರೆಯತೊಡಗಿದೆ: ಹಿಂದಿನ ಮೂರು ದಿನದ ಮೊತ್ತ, ಹಿಂದಿನ ಏಳು ದಿನದ ಮೊತ್ತ. ನಿನ್ನೆ ಮೊನ್ನೆಯ ಮಳೆ ಗುಡ್ಡದ ಹೊಟ್ಟೆಯಲ್ಲೇ ಇರುತ್ತದೆ. ಮಣ್ಣಿನ ಕಣಗಳ ನಡುವಿನ ಎಡೆಯೆಲ್ಲ ನೀರು ತುಂಬಿ, ಮಣ್ಣು ಭಾರವಾಗಿ, ಕಣಕ್ಕೆ ಕಣದ ಹಿಡಿತ ಸಡಿಲವಾಗುತ್ತದೆ. ಆಮೇಲೆ ಬರುವ ಸಾಧಾರಣ ಮಳೆಯೂ ಸಾಕು. ಅದರಲ್ಲೂ ಬುಡ ಕಡಿದ ಗುಡ್ಡಕ್ಕೆ, ರಸ್ತೆಗೆಂದು ನೆಟ್ಟಗೆ ಕೊರೆದ ಇಳಿಜಾರಿಗೆ. ಇವತ್ತು ಎರಡೇ ಇಂಚು ಎಂದು ನಿರಾಳವಾಗಿ ಕೂರುವವರು ಆ ಏಳು ದಿನದ ಮೊತ್ತವನ್ನು ಒಮ್ಮೆ ನೋಡಬೇಕು.

ತೋಟದಲ್ಲಿ ಕಾಯಿ ಉದುರಿತು, ಗಿಡದ ಬುಡದಲ್ಲಿ ನೀರು ನಿಂತು ಎಲೆ ಹಳದಿಗೆ ತಿರುಗಿತು, ಕೊಳೆರೋಗ ಹತ್ತಿತು. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅರ್ಧ ದಿನದ ಹೊಳವು ಬೇಕು, ಅದೂ ಸಿಗಲಿಲ್ಲ. ಹೇಮಾವತಿ ಕೆಂಪಾಗಿ ಹರಿದಳು, ಗೊರೂರು ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಟ್ಟರು. ಜುಲೈ ಕೊನೆಯ ವಾರ ಕನ್ನಂಬಾಡಿ ಅಣೆಕಟ್ಟೆ ತುಂಬಿತು. ಮಂಡ್ಯದ ನೆಂಟರು ಫೋನ್ ಮಾಡಿ ಖುಷಿಪಟ್ಟರು. ಅವರ ಖುಷಿ ನಿಜವಾದದ್ದೇ. ನಮ್ಮನ್ನು ಕೊಚ್ಚಿದ ನೀರೇ ಅವರ ಗದ್ದೆ ಸೇರಿತು.

ಆಗಸ್ಟ್, ಸೆಪ್ಟೆಂಬರ್ ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಘೆ, ಹುಬ್ಬೆ ಹದವಾಗಿ ಬಂದವು. ಅಕ್ಟೋಬರಿನಲ್ಲಿ ಹಿಂಗಾರು ಗುಡುಗಿನೊಂದಿಗೆ ಬಂದು ಸಂಜೆಸಂಜೆಗೆ ಸುರಿಯಿತು. ನವೆಂಬರಿನಲ್ಲಿ ಬಾನು ತಿಳಿಯಾಗಿ, ಅರೇಬಿಕಾ ಕೊಯ್ಲು ಶುರುಮಾಡಿ, ಕಣ ಸಾರಿಸಿ ಹಣ್ಣು ಹರವಿದೆವು. ಆಗ ಫೆಂಗಲ್ ಬಂತು. ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಹತ್ತಿದ ಆ ಚಂಡಮಾರುತ ಶಕ್ತಿ ಕುಂದಿ ಪಡುವಣಕ್ಕೆ ಸರಿಯುತ್ತ, ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಮೇಲೆ ಹಾದುಹೋಯಿತು. ಬಂಗಾಳ ಕೊಲ್ಲಿಯ ಮಳೆ ಅರಬ್ಬೀ ಕಡೆಯ ಊರಿನ ಕಣವನ್ನು ನೆನೆಸಿತು. ಜನವರಿಯಲ್ಲಿ ಎಳೆದ ಟಾರ್ಪಾಲನ್ನೇ ಡಿಸೆಂಬರಿನಲ್ಲಿ ಮತ್ತೆ ಎಳೆದೆವು.

ಡಿಸೆಂಬರ್ 31ರ ರಾತ್ರಿ ವರ್ಷದ ಮೊತ್ತ ಕೂಡಿಸಿದೆ. ಅದು ಒಳ್ಳೆಯ ವರ್ಷದ ಮೊತ್ತ! ಹಿಂದಿನ ಬರಗಾಲಕ್ಕೆ ಹೋಲಿಸಿದರೆ ಹಬ್ಬವೆನ್ನಬೇಕು. ದೇಶದ ಮುಂಗಾರು ಕೂಡ ಆ ವರ್ಷ ವಾಡಿಕೆಯ ಶೇಕಡಾ 108. ಆದರೆ ನನ್ನ ಮೊತ್ತದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜುಲೈ ತಿಂಗಳೊಂದರದ್ದು. ಬೇಕಾದ ಎರಡು ಮಳೆ ಬರಲಿಲ್ಲ, ಬೇಡದ ಎರಡು ಮಳೆ ಬಂದವು, ಮಿಕ್ಕದ್ದು ಹೊಳೆಯಲ್ಲಿ ಹೋಯಿತು. ಮೊತ್ತದ ಅಂಕಿಯಲ್ಲಿ ಇದಾವುದೂ ಕಾಣುವುದಿಲ್ಲ. ವರ್ಷದ ಸರಾಸರಿ ನೋಡಿ ಬೆಳೆಗಾರನಿಗೆ ಪರಿಹಾರ ಬೇಕೇ ಬೇಡವೇ ಎಂದು ಹೇಳುವವರಿಗೆ ನನ್ನ ಪುಸ್ತಕದ ಏಪ್ರಿಲ್ ಪುಟವನ್ನು ತೋರಿಸಬೇಕು ಅನ್ನಿಸುತ್ತದೆ.

‘ಹಿಂದೆಲ್ಲ ಹೀಗಿರಲಿಲ್ಲ’ ಎಂಬ ಮಾತು ನಮ್ಮ ಕಡೆ ದಿನವೂ ಕೇಳುತ್ತದೆ. ಇರಬಹುದು. ಆದರೆ ನೆನಪು ದೊಡ್ಡ ಮಳೆಯನ್ನು ಉಳಿಸಿಕೊಂಡು ಸಣ್ಣದನ್ನು ಬಿಟ್ಟುಬಿಡುತ್ತದೆ. ಮಾವನವರ ಹಳೆಯ ಪುಸ್ತಕಗಳಲ್ಲೂ ಜನವರಿಯ ಮಳೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಈಗ ಅದು ಹೆಚ್ಚಾಗಿದೆಯೇ ಎಂದು ಹೇಳಲು ಒಂದು ಮನೆಯ ಲೆಕ್ಕ ಸಾಲದು. ಹತ್ತಾರು ಮನೆಗಳ, ಐವತ್ತು ಅರವತ್ತು ವರ್ಷದ ಲೆಕ್ಕ ಒಟ್ಟಿಗೆ ಇಟ್ಟು ನೋಡಬೇಕು. ಈಗ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿ ಅಳೆದು ಕಳಿಸುವ ಮಳೆಮಾಪಕಗಳಿವೆ, ಆರು ಸಾವಿರಕ್ಕೂ ಹೆಚ್ಚು. ಹದಿನೈದು ನಿಮಿಷಕ್ಕೊಮ್ಮೆ ಅವು ಲೆಕ್ಕ ಕೊಡುತ್ತವೆ. ಬಹಳ ದೊಡ್ಡ ಕೆಲಸ ಅದು. ಆದರೆ ಅವು ಬರುವ ಮೊದಲಿನ ಮಳೆಯನ್ನು ಅವು ಅಳೆಯಲಾರವು. ಅದು ಇರುವುದು ನಮ್ಮ ಅಟ್ಟಗಳ ಮೇಲೆ, ತೋಟದ ಆಫೀಸಿನ ಕಪಾಟುಗಳಲ್ಲಿ, ಗೆದ್ದಲು ಹಿಡಿಯುತ್ತಿರುವ ರಿಜಿಸ್ಟರುಗಳಲ್ಲಿ.

ಅದಕ್ಕೇ ಒಂದು ಬಿನ್ನಹ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಲ್ಲಿ, ಕರಾವಳಿಯ ಅಡಿಕೆ ತೋಟಗಳಲ್ಲಿ ನಿಮ್ಮ ಹಿರಿಯರು ಮಳೆಯ ಲೆಕ್ಕ ಬರೆದಿಟ್ಟಿದ್ದರೆ, ಮನೆ ಹಂಚಿಕೆಯಾದಾಗ, ತೋಟ ಮಾರಿದಾಗ, ಆ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಪ್ರತಿ ಪುಟದ ಫೋಟೊ ತೆಗೆದಿಡಿ. ಮಾಪಕ ಎಲ್ಲಿ ನಿಂತಿತ್ತು, ಯಾವ ವರ್ಷ ಜಾಗ ಬದಲಾಯಿತು, ಯಾವ ಹೊತ್ತಿಗೆ ಅಳೆಯುತ್ತಿದ್ದರು ಎಂಬುದನ್ನು ಗೊತ್ತಿರುವ ಹಿರಿಯರಿಂದ ಕೇಳಿ ಮೊದಲ ಪುಟದಲ್ಲಿ ಬರೆಯಿರಿ. ಹೊಸದಾಗಿ ಶುರುಮಾಡುವವರು ತಾಮ್ರದ ಮಾಪಕಕ್ಕೆ ಕಾಯಬೇಕಿಲ್ಲ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಯಾವುದೇ ನೇರ ಗೋಡೆಯ ಡಬ್ಬಿಯನ್ನು ಬಯಲಲ್ಲಿ ಅಲುಗಾಡದಂತೆ ನಿಲ್ಲಿಸಿ, ಒಳಗಿನ ನೀರಿನ ಆಳವನ್ನು ಮಕ್ಕಳ ಸ್ಕೇಲಿನಲ್ಲಿ ನೋಡಿದರೆ ಅದೇ ಮಳೆಯ ಅಳತೆ.

ನಾಳೆ ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಅಂಗಳಕ್ಕೆ ಹೋಗಿ ಬನ್ನಿ. ಮಳೆ ಬಂದಿರದಿದ್ದರೆ ಸೊನ್ನೆ ಬರೆಯಿರಿ.